ಮಾಚಾ: ಸೋಸದೆ ಕುಡಿಯುವ ಚಹಾ

ಅಂಗಡಿಯಿಂದ 30 ಗ್ರಾಂನ ಪುಟ್ಟ ಡಬ್ಬಿ ಮನೆಗೆ ಬರುತ್ತದೆ. ಒಳಗೆ ಗಿಣಿಹಸಿರು ಪುಡಿ, ಜಪಾನಿನ ಮಾಚಾ ಚಹಾ. ಎಂದಿನಂತೆ ಪಾತ್ರೆಯಲ್ಲಿ ಹಾಲು, ನೀರು ಕುದಿಯಲಿಟ್ಟು, ಒಂದು ಚಮಚ ಪುಡಿ, ಎರಡು ಚಮಚ ಸಕ್ಕರೆ ಹಾಕಿ ಉಕ್ಕು ಬರಿಸಿ ಸೋಸಿದರೆ ಲೋಟಕ್ಕೆ ಬೀಳುವುದು ಪಾಚಿ ಬಣ್ಣದ, ಕಹಿಯಾದ, ತಳದಲ್ಲಿ ಕೆಸರು ಕಟ್ಟುವ ಏನೋ ಒಂದು. ಆಮೇಲೆ ಡಬ್ಬಿ ಬೀರುವಿನ ಮೂಲೆ ಸೇರುತ್ತದೆ. ಕೆಲವೊಮ್ಮೆ ತಪ್ಪು ಪುಡಿಯದ್ದೇ ಇರುತ್ತದೆ, ಅದನ್ನು ಮುಂದೆ ನೋಡೋಣ. ಹೆಚ್ಚಿನ ಸಲ ಮಾತ್ರ ಪುಡಿ ಸರಿಯಾಗಿಯೇ ಇದ್ದು, ಟೀ ಮಾಡುವ ರೂಢಿ ಅದಕ್ಕೆ ಒಗ್ಗದೆ ಹೀಗಾಗುತ್ತದೆ.

ಕಟ್ಟು ಬೇರೆ, ಸೊಪ್ಪು ಬೇರೆ

ಬಸ್ಸಾರಿಗೆ ಸೊಪ್ಪು ಬೇಯಿಸಿ ಬಸಿದಾಗ ಒಂದು ಪಾತ್ರೆಯಲ್ಲಿ ಕಟ್ಟು, ಇನ್ನೊಂದರಲ್ಲಿ ಸೊಪ್ಪು ಉಳಿಯುತ್ತವೆ. ದಿನಾ ಕುಡಿಯುವ ಟೀ, ಫಿಲ್ಟರ್ ಕಾಫಿ, ಟೀ ಬ್ಯಾಗಿನ ಗ್ರೀನ್ ಟೀ ಎಲ್ಲವೂ ಕಟ್ಟಿನ ಜಾತಿಯವು. ಬಿಸಿನೀರು ಎಲೆಯಿಂದಲೋ ಬೀಜದಿಂದಲೋ ಎಷ್ಟು ಎಳೆದುಕೊಳ್ಳುತ್ತದೋ ಅಷ್ಟು ನಮಗೆ, ಚರಟ ಗಿಡದ ಬುಡಕ್ಕೆ. ಮಾಚಾದಲ್ಲಿ ಚರಟ ಎಂಬುದೇ ಇಲ್ಲ. ಎಲೆಯನ್ನೇ ಹಿಟ್ಟಿಗಿಂತ ನುಣ್ಣಗೆ ಬೀಸಿ, ನೀರಿನಲ್ಲಿ ಕದಡಿ, ಪೂರ್ತಿ ನುಂಗುತ್ತೇವೆ.

ಈ ಪುಡಿ ಸಕ್ಕರೆಯಂತೆ ಕರಗುವುದಿಲ್ಲ. ನೀರಿನಲ್ಲಿ ತೇಲಾಡಿಕೊಂಡಿದ್ದು, ಬಿಟ್ಟರೆ ತಳಕ್ಕೆ ಇಳಿಯುತ್ತದೆ. ಆದ್ದರಿಂದ ಎಲೆಯ ಕಹಿ ಎಲ್ಲವೂ ಬಾಯಿಗೇ ಬರುತ್ತದೆ, ಗಂಟು ಉಳಿದರೆ ಅದೂ ಬಾಯಿಗೇ ಬರುತ್ತದೆ. ಕಹಿ ಕಡಿಮೆ ಇರುವ ಎಲೆ, ಹದ ಬಿಸಿಯ ನೀರು, ಜರಡಿ, ಕಡೆಯುವ ಕುಂಚ, ಕಾಫೀನಿನ ಲೆಕ್ಕ ಇವೆಲ್ಲ ಹುಟ್ಟಿದ್ದು ಈ ಒಂದು ಸಂಗತಿಯಿಂದ.

ಹೆಸರಿನ ಬಗ್ಗೆ ಒಂದು ಮಾತು. ಜಪಾನಿ ಉಚ್ಚಾರ 'ಮಚ್ಚಾ' ಎಂಬುದಕ್ಕೇ ಹತ್ತಿರ. 'ಮಾ' ಎಂದರೆ ಪುಡಿ ಮಾಡಿದ, 'ಚಾ' ಎಂದರೆ ಚಹಾ. ಬೆಂಗಳೂರಿನ ಹುಡುಗರು ಒಬ್ಬರನ್ನೊಬ್ಬರು ಕರೆಯುವ ಮಚ್ಚಾಗೂ ಇದಕ್ಕೂ ನೆಂಟಸ್ತನವಿಲ್ಲ. ನಾವು 'ಟೀ ಪುಡಿ' ಎನ್ನುವುದು ಯಂತ್ರದಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ ಕಪ್ಪು ಕಾಳು. ಅಕ್ಷರಶಃ ಟೀ ಪುಡಿ ಎಂದರೆ ಮಾಚಾ.

ಕೊಯ್ಲಿಗೆ ಮೊದಲ ಮೂರು ವಾರ

ಕಪ್ಪು ಚಹಾ, ಗ್ರೀನ್ ಟೀ, ಮಾಚಾ ಮೂರೂ ಕ್ಯಾಮೆಲಿಯಾ ಸೈನೆನ್ಸಿಸ್ ಎಂಬ ಒಂದೇ ಗಿಡದವು. ಚಹಾವನ್ನು ಪುಡಿ ಮಾಡಿ ಬಿಸಿನೀರಿನಲ್ಲಿ ಕಡೆದು ಕುಡಿಯುವ ಪದ್ಧತಿ ಚೀನಾದ ಸಾಂಗ್ ರಾಜವಂಶದ ಕಾಲದ್ದು. 1191ರಲ್ಲಿ ಚೀನಾದಿಂದ ಮರಳಿದ ಬೌದ್ಧ ಭಿಕ್ಷು ಐಸೈ ಚಹಾ ಬೀಜಗಳನ್ನೂ ಈ ಪದ್ಧತಿಯನ್ನೂ ಜಪಾನಿಗೆ ತಂದರೆಂದು ಹೇಳುತ್ತಾರೆ. ಮುಂದೆ ಚೀನಾದಲ್ಲಿ ಬಿಡಿ ಎಲೆಯನ್ನು ನೆನೆಸಿ ಕುಡಿಯುವುದೇ ರೂಢಿಯಾಗಿ ಪುಡಿ ಚಹಾ ಹಿಂದೆ ಸರಿಯಿತು. ಜಪಾನಿನಲ್ಲಿ ಅದು ಉಳಿದು, ಬೆಳೆದು, ಒಂದು ಆಚರಣೆಯೇ ಆಯಿತು. ಕ್ಯೋಟೋ ಬಳಿಯ ಉಜಿ ಇದಕ್ಕೆ ಹಳೆಯ ಹೆಸರು. ಐಚಿಯ ನಿಶಿಯೊ, ಫುಕುವೋಕಾದ ಯಾಮೆ, ದಕ್ಷಿಣದ ಕಾಗೋಶಿಮಾ ಕೂಡ ಡಬ್ಬಿಗಳ ಮೇಲೆ ಕಾಣುತ್ತವೆ.

ಮಾಚಾದ ಎಲೆಯನ್ನು ಬೇರೆಯಾಗಿಸುವುದು ನೆರಳು. ಕೊಡಗು, ಚಿಕ್ಕಮಗಳೂರಿನ ಕಾಫಿ ವರ್ಷವಿಡೀ ಮರಗಳ ನೆರಳಿನಲ್ಲಿರುತ್ತದೆ. ಮಾಚಾದ ಗಿಡಕ್ಕೆ ನೆರಳು ಬರುವುದು ಕೊಯ್ಲಿಗೆ ಸುಮಾರು ಮೂರರಿಂದ ನಾಲ್ಕು ವಾರ ಇರುವಾಗ. ಆಗ ತೋಟದ ಮೇಲೆ ಚಪ್ಪರದಂತೆ ಜೊಂಡಿನ ಚಾಪೆ, ಹುಲ್ಲು ಹೊದಿಸುತ್ತಾರೆ. ಈಗ ಹೆಚ್ಚಿನ ಕಡೆ ಕಪ್ಪು ಬಲೆ. ಬೆಳಕು ಕಡಿಮೆಯಾದಾಗ ಗಿಡ ಇರುವಷ್ಟು ಬೆಳಕನ್ನೇ ಹಿಡಿಯಲು ಪತ್ರಹರಿತ್ತನ್ನು ಹೆಚ್ಚಿಸಿಕೊಳ್ಳುತ್ತದೆ. ಕಣ್ಣು ಕುಕ್ಕುವ ಹಸಿರು ಅಲ್ಲಿಂದ ಬಂದದ್ದು. ಎರಡನೆಯ ಬದಲಾವಣೆ ರುಚಿಯದು. ಚಹಾ ಗಿಡದ ಬೇರಿನಲ್ಲಿ ಥಿಯಾನಿನ್ ಎಂಬ ಅಮೈನೋ ಆಮ್ಲ ಹುಟ್ಟಿ ಎಲೆಗೆ ಏರುತ್ತದೆ. ಅದರ ರುಚಿ ತುಸು ಸಿಹಿ, ತುಸು ತೊವ್ವೆಯ ಕಟ್ಟಿನಂತೆ ನಾಲಿಗೆ ತುಂಬುವಂಥದ್ದು. ಜಪಾನೀಯರು ಇದನ್ನು ಉಮಾಮಿ ಎನ್ನುತ್ತಾರೆ. ಬಿಸಿಲು ಹೆಚ್ಚು ಬಿದ್ದರೆ ಈ ಥಿಯಾನಿನ್ ಒಡೆದು, ಕಹಿ-ಒಗರಿನ ಕ್ಯಾಟೆಚಿನ್‌ಗಳು ಹೆಚ್ಚುತ್ತವೆ. ನೆರಳು ಅದನ್ನು ತಡೆಯುತ್ತದೆ. ಇಡೀ ಎಲೆಯನ್ನೇ ನುಂಗುವವರಿಗೆ ಇದು ಸಣ್ಣ ವಿಷಯವಲ್ಲ.

ಒಳ್ಳೆಯ ಮಾಚಾ ವರ್ಷದ ಮೊದಲ ಕೊಯ್ಲಿನದು, ಬಹುಪಾಲು ಏಪ್ರಿಲ್ ಕೊನೆಯಿಂದ ಮೇ ತಿಂಗಳವರೆಗೆ. ಕಿತ್ತ ಎಲೆ ಬಾಡುವ ಮೊದಲೇ ಕೆಲವು ಸೆಕೆಂಡು ಹಬೆ ಕೊಡುತ್ತಾರೆ. ಕತ್ತರಿಸಿಟ್ಟ ಬದನೆಕಾಯಿ ಕಪ್ಪಾಗುತ್ತದಲ್ಲ, ಎಲೆಯಲ್ಲೂ ಅದೇ ಕ್ರಿಯೆ ನಡೆದರೆ ಅದು ಕಪ್ಪು ಚಹಾದ ದಾರಿ ಹಿಡಿಯುತ್ತದೆ. ಹಬೆ ಅದನ್ನು ನಿಲ್ಲಿಸುತ್ತದೆ. ಬೇರೆ ಜಪಾನಿ ಗ್ರೀನ್ ಟೀಗಳಂತೆ ಇದನ್ನು ಹೊಸೆಯುವುದಿಲ್ಲ. ಹಾಗೇ ಒಣಗಿಸಿ, ದಂಟು, ನರ ತೆಗೆದು, ಎಲೆಯ ತಿರುಳಷ್ಟನ್ನೇ ಉಳಿಸಿಕೊಳ್ಳುತ್ತಾರೆ. ಈ ಚೂರುಗಳ ಹೆಸರು ತೆಂಚಾ. ತೆಂಚಾವನ್ನು ಬೀಸಿದರೆ ಮಾಚಾ.

ಬೀಸುವುದು ಗ್ರಾನೈಟಿನ ಬೀಸುಕಲ್ಲಿನಲ್ಲಿ. ನಮ್ಮ ರಾಗಿ ಕಲ್ಲಿನ ದಾಯಾದಿ, ಆದರೆ ಬಲು ನಿಧಾನ: ಒಂದು ಕಲ್ಲು ಗಂಟೆಗೆ 30ರಿಂದ 40 ಗ್ರಾಂ ಬೀಸುತ್ತದೆ. ನಿಮ್ಮ ಕೈಯಲ್ಲಿರುವ ಪುಟ್ಟ ಡಬ್ಬಿ ಕಲ್ಲಿನಲ್ಲಿ ಬೀಸಿದ್ದಾದರೆ, ಹೆಚ್ಚು ಕಡಿಮೆ ಒಂದು ಕಲ್ಲಿನ ಒಂದು ಗಂಟೆಯ ಕೆಲಸ. ಬೇಗ ತಿರುಗಿಸಿದರೆ ಕಲ್ಲು ಬಿಸಿಯಾಗಿ ಪರಿಮಳ ಹಾರುತ್ತದೆ. ಅಗ್ಗದ ಪುಡಿಗಳನ್ನು ಯಂತ್ರದಲ್ಲಿ ವೇಗವಾಗಿ ಬೀಸಿರುತ್ತಾರೆ. ಕಣದ ಗಾತ್ರ 5ರಿಂದ 10 ಮೈಕ್ರಾನ್ ಇರಬೇಕು, ಅಂದರೆ ನಾಲಿಗೆಗೆ ತರಿ ಸಿಗದಷ್ಟು ನುಣುಪು. ಮನೆಯ ಗ್ರೀನ್ ಟೀಯನ್ನು ಮಿಕ್ಸಿಗೆ ಹಾಕಿ ಮಾಚಾ ಮಾಡುವ ಉಪಾಯ ಫಲಿಸದಿರುವುದು ಇದಕ್ಕೇ: ಎಲೆ ನೆರಳಿನದಲ್ಲ, ನರ ತೆಗೆದದ್ದಲ್ಲ, ಮಿಕ್ಸಿಯ ಬ್ಲೇಡು ಅಷ್ಟು ನುಣ್ಣಗೆ ಮಾಡುವುದೂ ಇಲ್ಲ.

ಡಬ್ಬಿಯ ಮೇಲೆ ಏನು ಓದಬೇಕು?

'ಸೆರೆಮೋನಿಯಲ್ ಗ್ರೇಡ್', 'ಕಲಿನರಿ ಗ್ರೇಡ್' ಎಂದು ದೊಡ್ಡ ಅಕ್ಷರದಲ್ಲಿ ಬರೆದಿರುತ್ತದೆ. ಮೊದಲನೆಯದು ಹಾಗೇ ಕುಡಿಯಲು, ಎರಡನೆಯದು ಹಾಲು, ಕೇಕು, ಐಸ್‌ಕ್ರೀಮಿಗೆ ಎಂಬುದು ಇಂಗಿತ. ಆದರೆ ಇವು ಐ.ಎಸ್.ಐ. ಮುದ್ರೆಯಂಥ ಸರ್ಕಾರಿ ಶ್ರೇಣಿಗಳಲ್ಲ, ಮಾರುವವರು ಕೊಟ್ಟುಕೊಂಡ ಹೆಸರುಗಳು. ಯಾರು ಬೇಕಾದರೂ ಅಚ್ಚು ಹಾಕಿಸಬಹುದು.

ಹಿಂಬದಿಯ ಸಣ್ಣ ಅಕ್ಷರಗಳೇ ಹೆಚ್ಚು ನಿಜ ಹೇಳುತ್ತವೆ. ಪದಾರ್ಥಗಳ ಪಟ್ಟಿಯಲ್ಲಿ ಒಂದೇ ಹೆಸರು ಇರಬೇಕು. ಸಕ್ಕರೆ, ಹಾಲಿನ ಪುಡಿ, ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿ ಇದ್ದರೆ ಅದು ಮಾಚಾ ಮಿಶ್ರಣ. ನುಗ್ಗೆಸೊಪ್ಪಿನ ಪುಡಿ, ಗೋಧಿ ಹುಲ್ಲಿನ ಪುಡಿಯೂ ಹಸಿರೇ. ಅವುಗಳ ಗುಣ ಅವುಗಳಿಗಿರಲಿ, ಮಾಚಾ ಅಲ್ಲ. ಬೆಳೆದ ಊರು, ಕೊಯ್ಲಿನ ವರ್ಷ, ಬೀಸಿದ ಅಥವಾ ತುಂಬಿದ ದಿನಾಂಕ ಬರೆದಿದ್ದರೆ ಒಳ್ಳೆಯದು. ಬೆಳಕು ಹಾಯುವ ಪಾರದರ್ಶಕ ಜಾಡಿಯಲ್ಲಿಟ್ಟಿದ್ದನ್ನು ಬಿಟ್ಟುಬಿಡಿ.

ತೆರೆದ ಮೇಲೆ ಬಿಳಿ ಕಾಗದದ ಮೇಲೆ ಚಿಟಿಕೆ ಹಾಕಿ ಬೆರಳಿನಿಂದ ಎಳೆಯಿರಿ. ಒಳ್ಳೆಯದಾದರೆ ಗೆರೆ ಕಣ್ಣಿಗೆ ಕಾಡಿಗೆ ಎಳೆದಂತೆ ಉದ್ದಕ್ಕೆ ಹರಿಯುತ್ತದೆ, ಬಣ್ಣ ಎಳೆ ಹುಲ್ಲಿನದು. ಗೆರೆ ತುಂಡು ತುಂಡಾಗಿ, ಬಣ್ಣ ಹಳದಿ ಅಥವಾ ಖಾಕಿಯತ್ತ ಇದ್ದರೆ ಪುಡಿ ಒರಟು ಇಲ್ಲವೇ ಹಳೆಯದು. ಮೂಗಿಗೆ ಹಸಿ ಬಟಾಣಿಯ, ಕೆನೆಯ ಪರಿಮಳ ಬರಬೇಕು, ಒಣ ಹುಲ್ಲಿನದಲ್ಲ.

ಒಂದು ಬಟ್ಟಲಿಗೆ 2 ಗ್ರಾಂ ಬೇಕು. 30 ಗ್ರಾಂ ಡಬ್ಬಿ ಎಂದರೆ 15 ಬಟ್ಟಲು. ಬೆಲೆಯನ್ನು 15ರಿಂದ ಭಾಗಿಸಿ ನೋಡಿದರೆ ಹೋಲಿಕೆ ಸುಲಭ. 2024ರ ಶರತ್ಕಾಲದಲ್ಲಿ ಕ್ಯೋಟೋದ ಹಳೆಯ ಅಂಗಡಿಗಳೇ ಒಬ್ಬರಿಗೆ ಇಷ್ಟೇ ಎಂದು ಮಿತಿ ಹಾಕುವಷ್ಟು ಬೇಡಿಕೆ ಏರಿತ್ತು. ಆದ್ದರಿಂದ 'ಜಪಾನಿ, ಮೊದಲ ಕೊಯ್ಲು, ಕಲ್ಲಲ್ಲಿ ಬೀಸಿದ್ದು' ಎಂದೆಲ್ಲ ಹೇಳಿಕೊಂಡೂ ಬಲು ಅಗ್ಗವಾಗಿದ್ದರೆ ಅನುಮಾನಿಸಲು ಕಾರಣವಿದೆ.

ಕುಂಚ ಇಲ್ಲದಿದ್ದರೂ ನಡೆಯುತ್ತದೆಯೇ?

ಜಪಾನಿನಲ್ಲಿ ಕಡೆಯುವುದು ಚಾಸೆನ್ ಎಂಬ ಬಿದಿರಿನ ಕುಂಚದಿಂದ. ಒಂದೇ ಬಿದಿರಿನ ಗಿಣ್ಣನ್ನು ಸೀಳಿ ಎಳೆಗಳಾಗಿ ಬಿಡಿಸಿರುತ್ತಾರೆ. ನಾರಾ ಪ್ರಾಂತದ ತಕಾಯಾಮಾ ಇದಕ್ಕೆ ಪ್ರಸಿದ್ಧ. ಮನೆಗೆ 80 ಅಥವಾ 100 ಎಳೆಯದು ಸಾಕು. ಇದು ಒಳ್ಳೆಯದು, ಆದರೆ ಅನಿವಾರ್ಯವೇನಲ್ಲ. ಬ್ಯಾಟರಿಯ ಹಾಲು ನೊರೆಸುವ ಪುಟ್ಟ ಕಡ್ಡಿ ಹತ್ತು ಸೆಕೆಂಡಿನಲ್ಲಿ ಅದೇ ಕೆಲಸ ಮಾಡುತ್ತದೆ, ಗುಳ್ಳೆ ತುಸು ದೊಡ್ಡದಾಗಬಹುದು ಅಷ್ಟೆ. ಬಿಗಿ ಮುಚ್ಚಳದ ಬಾಟಲಿಯಲ್ಲಿ ಕುಲುಕಿದರೂ ಆಗುತ್ತದೆ. ಬಿಸಿ ನೀರಿದ್ದರೆ ಮಾತ್ರ ಬೇಡ, ಹಬೆಯ ಒತ್ತಡಕ್ಕೆ ಮುಚ್ಚಳ ಎಗರುತ್ತದೆ. ಮಜ್ಜಿಗೆ ಕಡೆಯುವ ಮರದ ಕಡಗೋಲು 70 ಮಿಲಿಯಷ್ಟು ಕಡಿಮೆ ದ್ರವಕ್ಕೆ ದೊಡ್ಡದಾಯಿತು. ಚಮಚದಿಂದ ಕಲಕುವುದಂತೂ ಎಷ್ಟು ಹೊತ್ತಾದರೂ ಗಂಟು ಒಡೆಯದು.

ಬಿಡಲಾಗದ ಸಾಮಾನು ಒಂದೇ, ಸಣ್ಣ ಕಣ್ಣಿನ ಜರಡಿ. ಟೀ ಸೋಸುವ ಸ್ಟೀಲಿನ ಜಾಲರಿಯೇ ಸಾಕು, ಒಣಗಿರಬೇಕು. ಬಟ್ಟಲು ಅಗಲ ತಳದ್ದಿರಲಿ, ಕೈ ಆಡಲು ಜಾಗ ಬೇಕು. ಮೊಸರಿನ ಬಟ್ಟಲು ಸರಿಹೋಗುತ್ತದೆ.

ಒಂದು ಬಟ್ಟಲು ಮಾಡುವುದು

ಅಳತೆ: 2 ಗ್ರಾಂ ಪುಡಿ, ಅಂದರೆ 5 ಮಿಲಿ ಚಮಚದಲ್ಲಿ ಸಮತಟ್ಟಾಗಿ ಒಂದು. ನೀರು 70 ಮಿಲಿ, ಬಿಸಿ 75ರಿಂದ 80 ಡಿಗ್ರಿ. ಜಪಾನಿನಲ್ಲಿ ಇದಕ್ಕೆ ಉಸುಚಾ, ತೆಳು ಚಹಾ ಎನ್ನುತ್ತಾರೆ. ಪುಡಿ ಇಮ್ಮಡಿ ಮಾಡಿ ನೀರು ಅರ್ಧಕ್ಕಿಳಿಸಿದರೆ ಕೊಯಿಚಾ, ಗಟ್ಟಿ ಚಹಾ. ಅದನ್ನು ನೊರೆ ಬರಿಸದೆ ನಾದುವಂತೆ ಕಲಸುತ್ತಾರೆ. ಮೊದಲ ದಿನವೇ ಅದಕ್ಕೆ ಕೈ ಹಾಕಬೇಡಿ, ಪುಡಿ ಅತ್ಯುತ್ತಮವಾಗಿಲ್ಲದಿದ್ದರೆ ನುಂಗಲಾಗದು.

ಥರ್ಮಾಮೀಟರ್ ಇಲ್ಲದಿದ್ದರೆ ಎರಡು ದಾರಿ. ಕಾಫಿ ಆರಿಸುವಂತೆ ಕುದಿದ ನೀರನ್ನು ಲೋಟಕ್ಕೆ, ಲೋಟದಿಂದ ಬಟ್ಟಲಿಗೆ ಸುರಿಯಿರಿ. ತಣ್ಣನೆಯ ಪಾತ್ರೆಗೆ ಒಂದೊಂದು ಸಲ ಸುರಿದಾಗಲೂ ಸುಮಾರು 10 ಡಿಗ್ರಿ ಇಳಿಯುತ್ತದೆ. ಇನ್ನೊಂದು ಬರೀ ಲೆಕ್ಕ: ಕುದಿಯುವ ನೀರು ಮೂರು ಪಾಲು, ಕುಡಿಯುವ ತಣ್ಣೀರು ಒಂದು ಪಾಲು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು 97 ಡಿಗ್ರಿಯ ಆಸುಪಾಸಿನಲ್ಲಿ. 25 ಡಿಗ್ರಿಯ ನೀರು ಒಂದು ಪಾಲು ಸೇರಿದರೆ 79. ಮಂಗಳೂರು, ಕಾರವಾರದಲ್ಲಿ 82ರ ಹತ್ತಿರ ನಿಲ್ಲುತ್ತದೆ, ಅರ್ಧ ನಿಮಿಷ ಬಿಟ್ಟರಾಯಿತು. ಪಾತ್ರೆಯಲ್ಲಿ ಬಿಳಿ ಪದರ ಕಟ್ಟುವ ಗಡಸು ಬೋರ್‌ವೆಲ್ ನೀರಿನಲ್ಲಿ ರುಚಿ ಮಂಕಾಗುತ್ತದೆ. ಫಿಲ್ಟರಿನ ಮೆದು ನೀರು ಬಳಸಿ.

ಚಾಸೆನ್ ಇದ್ದರೆ ಮೊದಲು ಅದರ ತುದಿಯನ್ನು ಬಿಸಿನೀರಿನಲ್ಲಿ ಒಂದು ನಿಮಿಷ ಅದ್ದಿಡಿ. ಒಣ ಬಿದಿರು ಪಟಕ್ಕನೆ ಮುರಿಯುತ್ತದೆ, ನೆನೆದದ್ದು ಬಾಗುತ್ತದೆ. ಅದೇ ನೀರಿನಿಂದ ಬಟ್ಟಲೂ ಬೆಚ್ಚಗಾಗುತ್ತದೆ. ನೀರು ಚೆಲ್ಲಿ ಬಟ್ಟಲನ್ನು ಪೂರ್ತಿ ಒರೆಸಿ. ಈಗ ಪುಡಿಯನ್ನು ಜರಡಿಯಲ್ಲಿ ಹಾಕಿ ಚಮಚದ ಬೆನ್ನಿನಿಂದ ಮೆಲ್ಲಗೆ ಒತ್ತಿ ಇಳಿಸಿ. ಇಷ್ಟು ನುಣುಪಾದ ಕಣಗಳು ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ, ನೀರು ಬಿದ್ದರೆ ಹೊರಮೈ ಮಾತ್ರ ನೆನೆದು ಒಳಗೆ ಒಣ ಪುಡಿ ಉಳಿಯುತ್ತದೆ.

ರಾಗಿ ಅಂಬಲಿಗೆ ಹಿಟ್ಟನ್ನು ನೇರವಾಗಿ ಕುದಿನೀರಿಗೆ ಸುರಿಯದೆ ಮೊದಲು ತಣ್ಣೀರಿನಲ್ಲಿ ಕದಡಿಕೊಳ್ಳುತ್ತೇವೆ. ಇಲ್ಲೂ ಹಾಗೆ: ಎರಡು ಚಮಚ, ಅಂದರೆ 10 ಮಿಲಿಯಷ್ಟು ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಆಮೇಲೆ ಉಳಿದ 60 ಮಿಲಿ. ಇನ್ನು ಕಡೆಯುವುದು. ಕುಂಚವನ್ನು ನೆಟ್ಟಗೆ ಹಿಡಿದು, ತೋಳನ್ನಲ್ಲ, ಮಣಿಕಟ್ಟನ್ನು ಆಡಿಸಿ. ಗುಂಡಗೆ ತಿರುಗಿಸದೆ ಹಿಂದಕ್ಕೂ ಮುಂದಕ್ಕೂ ಚುರುಕಾಗಿ, 15ರಿಂದ 20 ಸೆಕೆಂಡು. ತುದಿ ತಳಕ್ಕೆ ಒತ್ತಬಾರದು. ನೊರೆ ಎದ್ದ ಮೇಲೆ ಕುಂಚವನ್ನು ತುಸು ಮೇಲೆತ್ತಿ ಮೇಲ್ಪದರವನ್ನಷ್ಟೇ ನಿಧಾನವಾಗಿ ಸವರಿದರೆ ದೊಡ್ಡ ಗುಳ್ಳೆಗಳು ಒಡೆಯುತ್ತವೆ. ನೊರೆ ಬರಲು ಎಲೆಯಲ್ಲಿರುವ ಸಪೋನಿನ್ ನೆರವಾಗುತ್ತದೆ. ಅಂಟುವಾಳದ ಕಾಯಿ ನೊರೆ ಬಿಡುವುದೂ ಅದೇ ಬಗೆಯ ವಸ್ತುವಿನಿಂದ. ನೊರೆ ಕಡಿಮೆಯಾದರೆ ಸೋತಂತೇನೂ ಅಲ್ಲ: ಜಪಾನಿನ ಚಹಾ ಪಂಥಗಳಲ್ಲಿ ಉರಾಸೆಂಕೆಯವರು ಬಟ್ಟಲು ತುಂಬ ನೊರೆ ಬಯಸಿದರೆ ಓಮೊತೆಸೆಂಕೆಯವರು ಸ್ವಲ್ಪವನ್ನೇ ಬರಿಸುತ್ತಾರೆ.

ಮಾಡಿದ ಕೂಡಲೇ ಕುಡಿಯಬೇಕು, ಐದು ನಿಮಿಷ ಬಿಟ್ಟರೆ ಎಲೆ ತಳ ಸೇರುತ್ತದೆ. ಸಕ್ಕರೆ ಹಾಕುವ ಪದ್ಧತಿ ಇಲ್ಲ. ಚಹಾಕ್ಕೆ ಮೊದಲು ಸಣ್ಣ ಸಿಹಿ ತಿಂದು, ಬಾಯಿ ಸಿಹಿ ಇರುವಾಗಲೇ ಕುಡಿಯುತ್ತಾರೆ. ಬಂದವರಿಗೆ ಬೆಲ್ಲ ಕೊಟ್ಟು ನೀರು ಕೊಡುವ ಮನೆಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರುಚಿ ಕೆಟ್ಟರೆ ಎಲ್ಲಿ ಹುಡುಕಬೇಕು?

ತೀರಾ ಕಹಿ, ಒಗರು: ಮೊದಲ ಅನುಮಾನ ನೀರಿನ ಬಿಸಿಯ ಮೇಲೆ. ಕ್ಯಾಟೆಚಿನ್‌ಗಳು ಬಿಸಿ ಹೆಚ್ಚಿದಷ್ಟೂ ಹೆಚ್ಚು ಬಿಟ್ಟುಕೊಳ್ಳುತ್ತವೆ. 70 ಡಿಗ್ರಿಗೆ ಇಳಿಸಿ ನೋಡಿ. ಆಗಲೂ ಕಹಿಯಾದರೆ ಪುಡಿಯೇ ಬಿಸಿಲಿನ ಎಲೆಯದು, ಅದು ಹಾಲಿಗೆ ಹೋಗಲಿ.

ಬಣ್ಣ ಖಾಕಿ: ಪತ್ರಹರಿತ್ತಿನ ನಡುವೆ ಒಂದು ಮೆಗ್ನೀಷಿಯಂ ಕಣವಿರುತ್ತದೆ. ಕಾವು, ಹುಳಿ ಎರಡೂ ಅದನ್ನು ಕಿತ್ತು ಹಾಕುತ್ತವೆ, ಹಸಿರು ಹೋಗಿ ಮಂಕು ಬಣ್ಣ ಬರುತ್ತದೆ. ಬೇಯುವ ಸೊಪ್ಪಿಗೆ ಹುಣಸೆಹುಳಿ ಬಿದ್ದಾಗ ಆಗುವುದೂ ಇದೇ. ಹಾಗಾಗಿ ಕುದಿಸಿದರೂ, ನಿಂಬೆರಸ ಹಿಂಡಿದರೂ ಬಣ್ಣ ಕೆಡುತ್ತದೆ. ಡಬ್ಬಿಯಲ್ಲೇ ಖಾಕಿಯಾಗಿದ್ದರೆ ಹಳತಾಗಿದೆ.

ನೀರು ನೀರು, ಏನೂ ರುಚಿಯಿಲ್ಲ ಎಂದರೆ ನೀರಿನ ಅಳತೆ ತಪ್ಪಿದೆ. ದೊಡ್ಡ ಮಗ್ಗಿಗೆ 2 ಗ್ರಾಂ ಹಾಕಿದರೆ ಬಣ್ಣ ಬರುತ್ತದೆ, ರುಚಿ ಬರುವುದಿಲ್ಲ.

ಹಾಲಿನೊಂದಿಗೆ, ಐಸಿನೊಂದಿಗೆ

ಕೆಫೆಯ ಮಾಚಾ ಲಾಟೆಗೆ 3 ಗ್ರಾಂ ಪುಡಿಯನ್ನು 40 ಮಿಲಿ ಬಿಸಿನೀರಿನಲ್ಲಿ ಮೊದಲು ಕಡೆದುಕೊಂಡು, 150 ಮಿಲಿ ಹಾಲನ್ನು ಬೇರೆಯಾಗಿ ಬಿಸಿ ಮಾಡಿ ಮೇಲೆ ಸುರಿಯಬೇಕು. ಕಾದು ಆರಿದ ಹಾಲನ್ನು 60-65 ಡಿಗ್ರಿಗೆ ಬಿಸಿ ಮಾಡಿದರೆ ಸಾಕು. ಪುಡಿ ಹಾಕಿದ ಮೇಲೆ ಒಲೆಯ ಮೇಲಿಡಬೇಡಿ. ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುವುದರಿಂದ ಇಲ್ಲಿ ಕಡಿಮೆ ಬೆಲೆಯ, ಕಡು ರುಚಿಯ ಪುಡಿಯೇ ಚೆನ್ನ. ನವಿರಾದ ದುಬಾರಿ ಪುಡಿ ಹಾಲಿನಲ್ಲಿ ಮಾಯವಾಗುತ್ತದೆ. ಸಕ್ಕರೆಯನ್ನು ಪುಡಿಯ ಜೊತೆಗೇ ಹಾಕಿ ಕಡೆದರೆ ಗಂಟು ಇನ್ನೂ ಕಡಿಮೆ. ಬೆಲ್ಲ ಹಾಕಿದರೆ ಹಸಿರಿಗೆ ಕಂದು ಸೇರುತ್ತದೆ, ಕಾದ ಹಾಲು ಒಡೆಯಲೂಬಹುದು.

ಬೇಸಿಗೆಗೆ ಇನ್ನೂ ಸುಲಭ. ಬಾಟಲಿಯಲ್ಲಿ 200 ಮಿಲಿ ತಣ್ಣೀರು, ಮೇಲೆ ಜರಡಿ ಹಿಡಿದ 2 ಗ್ರಾಂ ಪುಡಿ, ಅರ್ಧ ನಿಮಿಷ ಜೋರಾಗಿ ಕುಲುಕುವುದು. ತಣ್ಣೀರಿನಲ್ಲಿ ಕಹಿ ಕಡಿಮೆ ಬಿಡುವುದರಿಂದ ಹೊಸಬರಿಗೆ ಇದೇ ಮೊದಲ ರುಚಿಯಾದರೆ ಒಳ್ಳೆಯದು.

ದಿನಕ್ಕೆ ಎಷ್ಟು, ಯಾರಿಗೆ ಎಚ್ಚರ

ಜಪಾನಿನ ಆಹಾರ ಸಂಯೋಜನಾ ಕೋಷ್ಟಕದ ಪ್ರಕಾರ 100 ಗ್ರಾಂ ಮಾಚಾದಲ್ಲಿ 3.2 ಗ್ರಾಂ ಕಾಫೀನ್ ಇದೆ. 2 ಗ್ರಾಂ ಬಟ್ಟಲಿಗೆ 64 ಮಿಲಿಗ್ರಾಂ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ 400, ಗರ್ಭಿಣಿಯರಿಗೆ 200 ಮಿಲಿಗ್ರಾಂವರೆಗೆ ತೊಂದರೆಯಿಲ್ಲ ಎನ್ನುತ್ತದೆ. ಕಾಫಿ, ಟೀ ಕುಡಿಯುವ ಮನೆಯಲ್ಲಿ ಅವುಗಳ ಕಾಫೀನನ್ನೂ ಈ ಲೆಕ್ಕಕ್ಕೇ ಸೇರಿಸಬೇಕು. 'ಗ್ರೀನ್ ಟೀ ತಾನೆ' ಎಂದು ರಾತ್ರಿ ಕುಡಿದರೆ ನಿದ್ದೆ ದೂರ.

ಚಹಾದ ಒಗರು ಪದಾರ್ಥಗಳು ಸೊಪ್ಪು, ಕಾಳು, ರಾಗಿಯಲ್ಲಿರುವ ಕಬ್ಬಿಣಾಂಶಕ್ಕೆ ಅಂಟಿಕೊಂಡು ಅದು ರಕ್ತ ಸೇರುವುದನ್ನು ತಡೆಯುತ್ತವೆ. ರಕ್ತಹೀನತೆ ಇರುವವರು, ಮುಖ್ಯವಾಗಿ ಸಸ್ಯಾಹಾರಿಗಳು, ಊಟಕ್ಕೂ ಮಾಚಾಕ್ಕೂ ಒಂದು ಗಂಟೆಯಾದರೂ ಅಂತರ ಇಡುವುದು ಕ್ಷೇಮ. ಕಬ್ಬಿಣದ ಮಾತ್ರೆಗೂ ಇದೇ ಮಾತು. ಇಡೀ ಎಲೆ ಹೊಟ್ಟೆ ಸೇರುವುದರಿಂದ ಸೊಪ್ಪಿನಂತೆ ವಿಟಮಿನ್ ಕೆ ಕೂಡ ಸೇರುತ್ತದೆ. ರಕ್ತ ತೆಳುಗೊಳಿಸಲು ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು.

'ಸಾಮಾನ್ಯ ಗ್ರೀನ್ ಟೀಗಿಂತ 137 ಪಟ್ಟು ಶಕ್ತಿ' ಎಂಬ ಸಾಲು ಜಾಹೀರಾತುಗಳಲ್ಲಿ ಓಡಾಡುತ್ತದೆ. ಅದರ ಮೂಲ 2003ರ ಒಂದು ಅಮೆರಿಕನ್ ಪ್ರಯೋಗ. ಅಲ್ಲಿ ಇಜಿಸಿಜಿ ಎಂಬ ಒಂದೇ ಕ್ಯಾಟೆಚಿನ್ ಅಳೆದಿದ್ದರು, ಹೋಲಿಸಿದ್ದು ಒಂದೇ ಬಗೆಯ ಚೀನೀ ಚಹಾದೊಂದಿಗೆ. ಬೇರೆ ಗ್ರೀನ್ ಟೀಗಳಿಗೆ ಆವರೆಗೆ ದಾಖಲಾಗಿದ್ದ ಅತಿ ಹೆಚ್ಚಿನ ಪ್ರಮಾಣದ ಜೊತೆಗಿಟ್ಟರೆ ವ್ಯತ್ಯಾಸ ಮೂರು ಪಟ್ಟಿನ ಲೆಕ್ಕಕ್ಕೆ ಬರುತ್ತದೆ ಎಂದು ಅದೇ ವರದಿ ಹೇಳಿತ್ತು. ಜಾಹೀರಾತಿಗೆ ಹತ್ತಿದ್ದು ಮೊದಲ ಸಂಖ್ಯೆ ಮಾತ್ರ.

ತೆರೆದ ಡಬ್ಬಿ

ನುಣ್ಣಗೆ ಬೀಸಿದಷ್ಟೂ ಗಾಳಿ ತಾಗುವ ಮೈ ಹೆಚ್ಚು. ಆದ್ದರಿಂದ ಮಾಚಾದ ಆಯಸ್ಸು ಇಡೀ ಎಲೆಯದಕ್ಕಿಂತ ಬಹಳ ಕಡಿಮೆ, ತೆರೆದ ಮೇಲೆ ನಾಲ್ಕರಿಂದ ಆರು ವಾರ. ವಾರಕ್ಕೆ ಎರಡು ಬಾರಿ ಕುಡಿಯುವವರು 100 ಗ್ರಾಂ ಪೊಟ್ಟಣ ತಂದರೆ ಅರ್ಧಕ್ಕಿಂತ ಹೆಚ್ಚು ಹಾಳು. ಬಿಗಿ ಮುಚ್ಚಳದ ತಗಡಿನ ಡಬ್ಬಿಯಲ್ಲಿಟ್ಟು, ಅದನ್ನು ಮತ್ತೊಂದು ಜಿಪ್ ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿಡಿ. ಪುಡಿ ವಾಸನೆ ಹೀರುತ್ತದೆ. ದೋಸೆ ಹಿಟ್ಟು, ಕೊತ್ತಂಬರಿ ಸೊಪ್ಪಿನ ಪಕ್ಕ ಬೇಡ. ಇಂಗಿನ ಡಬ್ಬಿ ಇರುವ ಮಸಾಲೆ ಕಪಾಟಂತೂ ಬೇಡವೇ ಬೇಡ.

ಫ್ರಿಜ್ಜಿನಿಂದ ತೆಗೆದ ಕೂಡಲೇ ಮುಚ್ಚಳ ತೆರೆದರೆ ಹೊರಗಿನ ತೇವ ತಣ್ಣನೆಯ ಪುಡಿಯ ಮೇಲೆ ಬೆವರಿನಂತೆ ಕೂತು ಗಂಟಾಗುತ್ತದೆ, ಮಳೆಗಾಲದ ಕರಾವಳಿ, ಮಲೆನಾಡಿನಲ್ಲಂತೂ ನೋಡನೋಡುತ್ತಲೇ. ಅರ್ಧ ಗಂಟೆ ಮುಚ್ಚಿದಂತೆಯೇ ಹೊರಗಿಟ್ಟು ಆಮೇಲೆ ತೆರೆಯಿರಿ, ಒಣ ಚಮಚ ಬಳಸಿ. ಬಿದಿರಿನ ಕುಂಚಕ್ಕೂ ಇದೇ ಕಾಲ ಕಂಟಕ: ಸೋಪು ಹಾಕದೆ ಬರೀ ನೀರಿನಲ್ಲಿ ತೊಳೆದು, ಅದು ಬಂದ ಪ್ಲಾಸ್ಟಿಕ್ ಡಬ್ಬಿಗೆ ಮತ್ತೆ ತುರುಕದೆ, ಗಾಳಿಯಾಡುವಲ್ಲಿ ಇಡಬೇಕು. ಇಲ್ಲದಿದ್ದರೆ ಮೂರು ದಿನಕ್ಕೆ ಬೂಷ್ಟು. ಬಣ್ಣ ಮಾಸಿದ ಹಳೆಯ ಪುಡಿಯನ್ನು, ಬೂಷ್ಟು ಹಿಡಿಯದೆ ಒಣಗಿಯೇ ಇದ್ದರೆ, ಎಸೆಯಬೇಕಾಗಿಲ್ಲ. ಕೇಕು, ಬಿಸ್ಕತ್ತಿನ ಹಿಟ್ಟಿಗೆ 200 ಗ್ರಾಂಗೆ ಎರಡು ಚಮಚದಂತೆ ಸೇರಿಸಿದರೆ ಖರ್ಚಾಗುತ್ತದೆ.